ಪಟದ ಬಲಗಡೆ ನಿಂತವಳು

ಬೆಟಗೇರಿ
ಸೆಪ್ಟೆಂಬರ್ 31, 2187

ಹೆಸರು ತಿಳಿಯದ ಮಹನೀಯರಿಗೆ, ಕಾಶವ್ವ ಉಳ್ಳಾಗಡ್ಡಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ನೀವು ಪಕ್ಕಕ್ಕಿಡುವ ಮೊದಲೇ ಹೇಳಿಬಿಡುತ್ತೇನೆ: ನಾನು ತಪ್ಪು ಬರೆದಿಲ್ಲ. ನಮ್ಮಲ್ಲಿ ಸೆಪ್ಟೆಂಬರಿಗೆ ಮೂವತ್ತೊಂದು ದಿನ. ಯಾವಾಗ ಬದಲಾಯಿಸಿದರು, ಯಾಕೆ ಬದಲಾಯಿಸಿದರು ಎಂಬುದು ದೊಡ್ಡ ಪುರಾಣ. ಅದನ್ನು ಹೇಳುತ್ತ ಕೂತರೆ ನನ್ನ ಮಾತು ಉಳಿದುಹೋಗುತ್ತದೆ. ನಿಮ್ಮ ಕಾಲದ ಬರಹಗಳನ್ನು ಓದಿಕೊಂಡು ಆದಷ್ಟು ನಿಮ್ಮ ಹಾಗೆಯೇ ಬರೆಯಲು ಹೆಣಗುತ್ತಿದ್ದೇನೆ. ಅಲ್ಲಲ್ಲಿ ನಮ್ಮ ಕಾಲದ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ಒಂದು ತೊಡಕಾಗಿದೆ. ವಯಸ್ಸಿನಲ್ಲಿ ನೀವು ನನ್ನ ಮಗನಷ್ಟಿರಬಹುದು, ಕಾಲದಲ್ಲಿ ನನ್ನ ಮುತ್ತಜ್ಜನ ಅಜ್ಜನಷ್ಟು ಹಿರಿಯರು. ಸದ್ಯಕ್ಕೆ 'ನೀವು' ಎನ್ನುತ್ತೇನೆ. ಮುಂದೆ ಸಿಟ್ಟು ಬಂದರೆ ಏನಾಗುತ್ತದೋ ಹೇಳಲಾರೆ.

ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಕಳಿಸುವ ಓಲೆ. ಒಂದು ಮನೆತನಕ್ಕೆ ಒಂದೇ ಸಲ ಅವಕಾಶ. ನನ್ನ ತಮ್ಮ ಈರಣ್ಣನಿಗೆ ಅದನ್ನು ಹಿತ್ತಲ ಬೇವಿನ ಮರ ಕಡಿದ ಯಾರೋ ಪೂರ್ವಿಕನಿಗೆ ಬರೆದು ನಾಲ್ಕು ಮಾತು ಬೈಯಬೇಕೆಂದು ಆಸೆಯಿತ್ತು. ನಾನು ಹಟ ಹಿಡಿದು ಕಸಿದುಕೊಂಡೆ. ಹಿಂದೋಲೆಗೆ ವಿಳಾಸ ಬೇಕಿಲ್ಲ, ಯಾವ ಕೆಲಸದಲ್ಲಿ ತೊಡಗಿದವರ ಕೈಗೆ ಸೇರಬೇಕು ಎಂದು ಬರೆದರೆ ಸಾಕು. ನಾನು ಹೀಗೆ ಬರೆದಿದ್ದೇನೆ: 'ತೀರಿಕೊಂಡ ಕಾಶವ್ವ ಉಳ್ಳಾಗಡ್ಡಿಯವರ ಶ್ರದ್ಧಾಂಜಲಿ ಫ್ಲೆಕ್ಸಿಗಾಗಿ ಅಂತರ್ಜಾಲದಲ್ಲಿ ಪಟ ಹುಡುಕಿ, ಅದನ್ನು ತೆರೆದುಕೊಂಡು ಕೂತಿರುವವರಿಗೆ.' ಆ ಕಾಶವ್ವ ನಮ್ಮ ಮನೆತನದ ಹಿರಿಯಳು. ಆಕೆಯ ಹೆಸರನ್ನೇ ನನಗೆ ಇಟ್ಟಿದ್ದಾರೆ. ಆದ್ದರಿಂದ ಈ ಕಾಗದ ಓದುತ್ತಿದ್ದರೆ ಅದು ನೀವೇ, ಮತ್ತು ಆ ಪಟ ಈಗ ನಿಮ್ಮ ಮುಂದಿದೆ. ದಯವಿಟ್ಟು ಇದನ್ನು ಓದಿ ಮುಗಿಸುವ ತನಕ ಅದಕ್ಕೆ ಏನೂ ಮಾಡಬೇಡಿ.

ನನ್ನ ಬಗ್ಗೆ ಸ್ವಲ್ಪ ಹೇಳಿದರೆ ನಂಬಿಕೆ ಬಂದೀತು. ನಾನು ಕಪ್ಪತಗುಡ್ಡದ ಗಾಳಿಕಂಬಗಳನ್ನು ರಿಪೇರಿ ಮಾಡುವವಳು. ನಿಮ್ಮ ಕಾಲದಲ್ಲೂ ಅಲ್ಲಿ ಬಿಳಿ ಕಂಬಗಳು ತಿರುಗುತ್ತಿದ್ದವು ಎಂದು ಓದಿದ್ದೇನೆ. ಈಗಿನವು ಗಿಡ್ಡ, ರೆಕ್ಕೆಯಿಲ್ಲದವು, ನಿಂತಲ್ಲೇ ನಡುಗಿ ವಿದ್ಯುತ್ ಮಾಡುತ್ತವೆ. ಹಗಲೆಲ್ಲ ಆ ನಡುಕದ ಜೊತೆಗಿದ್ದು ಮನೆಗೆ ಬಂದರೂ ಕೈ ನಿಲ್ಲುವುದಿಲ್ಲ, ಹಾಗಾಗಿ ನನ್ನ ಅಕ್ಷರ ಹೀಗೆ. ಬೆಟಗೇರಿಯಲ್ಲಿ ಈಗ ಬೀದಿಗಳಿಗೆ ನೆರಳುಚಪ್ಪರ ಕಟ್ಟಿದ್ದಾರೆ, ಏಕೆಂದರೆ ಯುಗಾದಿ ಕಳೆದ ಮೇಲೆ ಬಿಸಿಲಿಗೆ ತಲೆಯೊಡ್ಡುವ ಹಾಗಿಲ್ಲ. ಚಪ್ಪರದ ಕೆಳಗೆ ಗಿರ್ಮಿಟ್, ಮಿರ್ಚಿ ಅಂಗಡಿಗಳು ಇನ್ನೂ ಇವೆ. ಮಿರ್ಚಿಯನ್ನು ಎಣ್ಣೆಯಿಲ್ಲದ ಒಲೆಯಲ್ಲಿ ಉಬ್ಬಿಸುತ್ತಾರೆ, ರುಚಿ ಅಷ್ಟಕ್ಕಷ್ಟೆ, ಆದರೂ ಸಂಜೆಯಾದರೆ ಜನ ಮುಗಿಬೀಳುತ್ತಾರೆ. ಬೀದಿಯಲ್ಲಿ ಯಾರದಾದರೂ ಪಟ ತೆಗೆಯಬೇಕೆಂದರೆ ನಾವು ಎದೆ ಮೇಲೆ ಕೈಯಿಟ್ಟು ಹುಬ್ಬು ಏರಿಸುತ್ತೇವೆ. ಅವರು ತಲೆಯಾಡಿಸಿದರೆ ತೆಗೆಯುವುದು, ಕೈ ಬೀಸಿದರೆ ಸುಮ್ಮನೆ ಮುಂದೆ ಹೋಗುವುದು. ಮಕ್ಕಳಿಗೆ ನಡೆಯಲು ಬಂದ ಕೂಡಲೆ ಇದನ್ನೂ ಕಲಿಸುತ್ತೇವೆ.

ಪ್ರತಿಯೊಂದು ಪಟಕ್ಕೂ ಒಂದು ತವರು ಇದೆ ಎನ್ನುತ್ತೇವೆ ನಾವು. ತೆಗೆದವರು ಯಾರು, ಅದರಲ್ಲಿ ಇರುವವರು ಯಾರು, ಯಾವ ಮಾತಿನ ಮೇಲೆ ಅದನ್ನು ಹೊರಗೆ ಕಳಿಸಿದರು, ಈ ಮೂರೂ ಸೇರಿ ಪಟದ ತವರು. ಹೊರಗೆ ಬಂದ ಪಟ ಎಲ್ಲಿ ಬೇಕಾದರೂ ಬಾಳಬಹುದು, ತವರಿನ ಹೆಸರು ಮಾತ್ರ ಬಿಡಬಾರದು. ನಿಮ್ಮ ಕಾಲದಲ್ಲೂ ಕಾನೂನು ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತಂತೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅಷ್ಟೇ. ನಿಮ್ಮ ಬರಹಗಳ ಕೆಳಗೆಲ್ಲ 'ಚಿತ್ರಕೃಪೆ: ಅಂತರ್ಜಾಲ' ಎಂದು ಇರುತ್ತದಲ್ಲ, ನಮ್ಮ ಮೊದಲ ಸಂಶೋಧಕರು ಅದನ್ನು ನೋಡಿ ನೋಡಿ, ಅಂತರ್ಜಾಲ ಎಂಬುವರು ಆ ಶತಮಾನದ ಅತಿ ದೊಡ್ಡ ಛಾಯಾಗ್ರಾಹಕರು ಎಂದು ತೀರ್ಮಾನಿಸಿ ಧಾರವಾಡದಲ್ಲಿ ಒಂದು ವಿಚಾರಸಂಕಿರಣವನ್ನೂ ನಡೆಸಿಬಿಟ್ಟಿದ್ದರು. ಅದು ಹೆಸರಲ್ಲ, ಹೆಸರು ಹೇಳದೆ ತಪ್ಪಿಸಿಕೊಳ್ಳುವ ದಾರಿ ಎಂದು ತಿಳಿದ ಮೇಲೆ ಪಾಪ, ಬಹಳ ಪೆಚ್ಚಾದರು.

ಹಾಗೆಂದು ಯಾರ ಪಟವನ್ನೂ ಮುಟ್ಟಲೇಬಾರದು ಎನ್ನುವವರ ಪೈಕಿ ನಾನಲ್ಲ. ಆ ಹುಚ್ಚನ್ನೂ ನಾವು ಕಂಡಿದ್ದೇವೆ. ನಿಮ್ಮ ನಂತರ ಒಂದು ಕಾಲ ಬಂತು, ಅದನ್ನು ಬೀಗಗಾಲ ಎನ್ನುತ್ತೇವೆ. ಮೊಕದ್ದಮೆಗಳಿಗೆ ಹೆದರಿ, ಒಡೆಯರ ಹೆಸರಿಲ್ಲದ ಪಟಗಳನ್ನೆಲ್ಲ ಕಂಪನಿಗಳು ಒಂದೇ ಏಟಿಗೆ ಅಳಿಸಿಹಾಕಿದವು. ಮಕ್ಕಳ ಪುಸ್ತಕದಲ್ಲಿ ಖಾಲಿ ಚೌಕ, ಅದರ ಕೆಳಗೆ 'ಆನೆ' ಎಂಬ ಮಾತು. ಆನೆ ಹೇಗಿರುತ್ತದೆ ಎಂದು ಮೇಷ್ಟ್ರು ಕೈಯಾಡಿಸಿ ತೋರಿಸಬೇಕಾಗಿತ್ತು. ನಿಮ್ಮ ಫೋನುಗಳಲ್ಲಿ ತುಂಬಿ ತುಳುಕುತ್ತಿದ್ದ ಅವ್ವ, ಅಪ್ಪ, ಮದುವೆ, ತೊಟ್ಟಿಲು, ಎಲ್ಲವೂ ಹೆಸರಿಲ್ಲದ ಕಾರಣಕ್ಕೇ ಹೋದವು. ಆಮೇಲೆ ಜನಕ್ಕೆ ಬುದ್ಧಿ ಬಂದು ನಡುದಾರಿ ಹುಡುಕಿದರು. ಅದಕ್ಕೆ ಹೆಪ್ಪಿನ ಬಳಕೆ ಎಂದು ಹೆಸರು. ಪಕ್ಕದ ಮನೆಯಿಂದ ಹೆಪ್ಪು ತರುತ್ತೇವಲ್ಲ, ಒಂದು ಚಮಚ ತಂದು ನಮ್ಮ ಹಾಲಿಗೆ ಹಾಕಿ ನಮ್ಮ ಮೊಸರು ಮಾಡಿಕೊಳ್ಳುತ್ತೇವೆ, ಅವರ ಗಡಿಗೆಯನ್ನೇ ಎತ್ತಿಕೊಂಡು ಬರುವುದಿಲ್ಲ. ಪಾಠ ಹೇಳಲು, ವಿಮರ್ಶೆ ಮಾಡಲು, ಸುದ್ದಿ ತಿಳಿಸಲು, ನಗೆಯಾಡಲು ಕೂಡ ಯಾರನ್ನೂ ಕೇಳದೆ ಹೆಪ್ಪಿನಷ್ಟು ತೆಗೆದುಕೊಳ್ಳಬಹುದು. ಆದರೆ ಹಾಲು ನಿಮ್ಮದಿರಬೇಕು, ಮತ್ತು ಹೆಪ್ಪು ಯಾರ ಮನೆಯದು ಎಂದು ಕೇಳಿದರೆ ಹೇಳಬೇಕು.

ನಾನು ಮತ್ತೆ ದಾರಿ ತಪ್ಪುತ್ತಿದ್ದೇನೆ. ಅಮಾವಾಸ್ಯೆ ಹತ್ತಿರ ಬಂತು, ಅದೇ ನನ್ನ ತಳಮಳ.

ಮಹಾಲಯ ಅಮಾವಾಸ್ಯೆಗೆ ನಾವು ಈಗಲೂ ಹಿರಿಯರಿಗೆ ಎಡೆ ಇಡುತ್ತೇವೆ. ಗೋಡೆಗೆ ಪಟಗಳನ್ನು ಸಾಲಾಗಿ ಹಾಕಿ, ಮುಂದೆ ಎಲೆ ಹಾಸಿ, ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಬಡಿಸಿ, ಅಗುಳಿ ಹಾಕದೆ ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಅವರು ಬಂದು ಉಣ್ಣುತ್ತಾರೆ. ನಮ್ಮ ಗೋಡೆಯ ಅತಿ ಹಳೆಯ ಪಟ ಕಾಶವ್ವನದು. ಬಾಣಲೆಯ ಹೊಗೆ, ಕೈಯಲ್ಲಿ ಮಿರ್ಚಿ ಎತ್ತುವ ಝಾರಿ, ಹಣೆಯಲ್ಲಿ ವಿಭೂತಿ, ಸುತ್ತ ಹೂಮಾಲೆ, ಬಾಯಿ ತುಂಬ ನಗು. ಎಂಥ ನಗು ಅಂತೀರಿ, ನೋಡಿದವರಿಗೂ ನಗು ಬರಬೇಕು. ಎಡಗಡೆ ಸ್ವಲ್ಪ ವಾರೆಯಾಗುವ ತುಟಿ, ಮುಚ್ಚಿದ ಒಂದು ಕಣ್ಣು. ನಾನು ಹುಟ್ಟಿ ಮೊದಲ ಸಲ ನಕ್ಕಾಗ ಅಜ್ಜಿ ಆ ಪಟವನ್ನು ನೋಡಿ, ನನ್ನನ್ನು ನೋಡಿ, ಆ ಹೆಸರು ಇಟ್ಟಳಂತೆ. ಅಂದಿನಿಂದ ಮನೆಗೆ ಬಂದವರೆಲ್ಲ ಅದೇ ಮಾತು. "ನಕ್ಕರ ಥೇಟ್ ಪಟದಾಗಿನ ಕಾಶವ್ವನ ಹಂಗ." ಶಾಲೆಯಲ್ಲಿ ಯಾರಾದರೂ ನನ್ನ ವಾರೆ ತುಟಿಯನ್ನು ಆಡಿಕೊಂಡರೆ, ನಮ್ಮ ಮನೆಯ ನಗು ಇದು ಎಂದು ಸೆಟೆದು ನಿಲ್ಲುತ್ತಿದ್ದೆ.

ಪಟದ ಅಂಚಿನಲ್ಲಿ, ಆ ನಗುವವಳ ಹೆಗಲ ಮೇಲೆ, ಯಾರದೋ ನಾಲ್ಕು ಬೆರಳು ಕಾಣುತ್ತವೆ. ತೋರುಬೆರಳಿಗೆ ಬಟ್ಟೆಯ ಚೂರು ಸುತ್ತಿದೆ. ಅದನ್ನು ನಾವು ಯಾರೂ ಅಷ್ಟಾಗಿ ನೋಡಿರಲಿಲ್ಲ.

ಈ ವರ್ಷ ಗೋಡೆಯ ಪಟಗಳಿಗೂ ತವರು ಬರೆಸಬೇಕೆಂದು ಆಜ್ಞೆಯಾಯಿತು. ನಾನು ಕಾಶವ್ವನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತವರು ಕಚೇರಿಗೆ ಹೋದೆ. ಅಲ್ಲಿನ ಹೆಣ್ಣುಮಗಳು ಪಟವನ್ನು ಬೆಳಕಿಗೆ ಹಿಡಿದು, ಹಳೆಯ ಕಾಲದ ಬರಹಗಳಲ್ಲಿ ಹುಡುಕಿ, ಮುಖ ಗಂಟು ಹಾಕಿಕೊಂಡಳು. ಇದೇ ಮುಖಕ್ಕೆ ಇನ್ನೊಂದು ಮನೆಯವರೂ ತವರು ಕೇಳಿದ್ದಾರೆ, ಅವರು ಹೇಳುವ ಹೆಸರೇ ಬೇರೆ ಎಂದಳು. ಮಾರನೆಯ ದಿನ ಆ ಮನೆಯವರನ್ನೂ ಕರೆಸಿದರು. ಸಂಗನಬಸು ಅಂತ, ಅಂಗಡಿ ಎಂಬುದು ಅವರ ಅಡ್ಡಹೆಸರು, ನಮ್ಮ ಓಣಿಯ ಆಚೆಯವನೇ. ನಾನು ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆ ಮನುಷ್ಯ ಕುರ್ಚಿ ಎಳೆದುಕೊಂಡು ಕೂತು, ಪಟವನ್ನು ನೋಡಿ ನಕ್ಕ. ಎಡಗಡೆ ತುಟಿ ವಾರೆಯಾಯಿತು, ಒಂದು ಕಣ್ಣು ಮುಚ್ಚಿತು. ನಾನು ಜಗಳ ಬಿಟ್ಟು ಪಟವನ್ನು ಅವನ ಮುಖದ ಪಕ್ಕಕ್ಕೆ ಹಿಡಿದು ನೋಡಿದೆ.

ಕಚೇರಿಯವರು ಹುಡುಕಿ ತೆಗೆದದ್ದು ಇಷ್ಟು. ನಿಮ್ಮ ಕಾಲದಲ್ಲಿ ಮೆಹಜಬೀನ ನದಾಫ ಎಂಬ ಹುಡುಗಿ ಬೆಟಗೇರಿಯ ಗಿರ್ಮಿಟ್ ಅಂಗಡಿಯ ಮುಂದೆ ಒಂದು ಪಟ ತೆಗೆದು ಅಂತರ್ಜಾಲದಲ್ಲಿ ಹಾಕಿದ್ದಳು. ಆ ಇಡೀ ಪಟ ಈಗ ಎಲ್ಲೂ ಇಲ್ಲ. ಜಾಗ ಸಾಲದೆ ಬಂದಾಗ ಹಳೆಯ ಮಾಹಿತಿ ಕಣಜಗಳು ಭಾರದ ಪಟಗಳನ್ನು ಬಿಟ್ಟು ಹಗುರವಾದ ಅಕ್ಷರಗಳನ್ನು ಮಾತ್ರ ಉಳಿಸಿಕೊಂಡವು. ಆಕೆ ಪಟದ ಕೆಳಗೆ ಬರೆದ ಮಾತು ಹಾಗೆ ಉಳಿದಿದೆ: 'ಎಡಕ್ಕೆ ಫಕ್ಕೀರವ್ವ ಅಂಗಡಿ, ಬಲಕ್ಕೆ ಕಾಶವ್ವ ಉಳ್ಳಾಗಡ್ಡಿ. ಒಬ್ಬರು ಕರಿಯುತ್ತಾರೆ, ಒಬ್ಬರು ಹೆಚ್ಚುತ್ತಾರೆ. ಇಬ್ಬರನ್ನೂ ಕೇಳಿಯೇ ತೆಗೆದದ್ದು. ಯಾರು ಬೇಕಾದರೂ ಹಂಚಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ. ಅವರಿಬ್ಬರ ಹೆಸರು ಇರಲಿ, ನನ್ನದೂ ಇರಲಿ. ದಯಮಾಡಿ ಪಟ ಕತ್ತರಿಸಬೇಡಿ.'

ಮಿಕ್ಕದ್ದು ಅಂಗಡಿಯವರ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ನಮ್ಮ ಕಾಶವ್ವ ತೀರಿಕೊಂಡಾಗ ಓಣಿಯ ಗೆಳೆಯರ ಬಳಗ ಸರ್ಕಲಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿಸಿತು. ಸಾವಿನ ಮನೆಗೆ ಹೋಗಿ ಪಟ ಕೇಳಲು ಮನಸ್ಸಾಗದೆ ಯಾರೋ ಆಕೆಯ ಹೆಸರು ಹಾಕಿ ಹುಡುಕಿದರು. ಇಬ್ಬರಿದ್ದ ಪಟ ಸಿಕ್ಕಿತು. ಕೆಳಗಿನ ಬರಹ ಓದದೆ, ಚೆನ್ನಾಗಿ ಬಂದ ಮುಖವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದರು. ಹಣೆಗೆ ವಿಭೂತಿ ಬಳಿದು, ಮಾಲೆ ಹಾಕಿ, ಕಾಶವ್ವ ಎಂದು ಬರೆದರು. ಆ ಫ್ಲೆಕ್ಸಿನ ಒಂದು ಪ್ರತಿ ತವರು ಕಚೇರಿಯಲ್ಲಿ ಉಳಿದಿದೆ, ನಾನು ನೋಡಿದ್ದೇನೆ. ಕೆಳಗೆ ಸಾಲಾಗಿ ಬಳಗದ ಯುವಕರ ದುಂಡನೆಯ ಪಟಗಳಿವೆ, ಒಬ್ಬೊಬ್ಬರಿಗೂ ಅವರವರದೇ ಹೆಸರು, ಒಂದೂ ತಪ್ಪಿಲ್ಲ. ಸತ್ತವಳ ಮುಖ ಒಂದೇ ತಪ್ಪು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಚಿತ್ರಕೃಪೆ ಅಂತರ್ಜಾಲ.

ಫಕ್ಕೀರವ್ವ ಆಗ ಗಟ್ಟಿಮುಟ್ಟಾಗಿ ಬದುಕಿದ್ದಳು. ಗೆಳತಿಯನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅಂಗಡಿ ತೆರೆಯಲು ಹೋದವಳು ಸರ್ಕಲಿನಲ್ಲಿ ತಲೆಯೆತ್ತಿ ತನ್ನನ್ನೇ ನೋಡಿದಳು. ಫ್ಲೆಕ್ಸ್ ತೆಗೆಯಿರಿ ಎಂದು ಹುಡುಗರ ಹತ್ತಿರ ಹೋದರೆ, ಅಂತರ್ಜಾಲದಲ್ಲಿ ಇತ್ತು, ಅದಕ್ಕೇ ಹಾಕಿದೆವು ಎಂಬ ಉತ್ತರ ಬಂತು. "ನಾ ಸತ್ತಿಲ್ಲೋ ತಮ್ಮಾ, ಅದು ಬ್ಯಾರೆ ಮಾತು. ಸತ್ತಾಕಿನ್ನ ಎಲ್ಲಿ ಇಟ್ರಿ, ಅದನ್ನ ಹೇಳ್ರಿ" ಅಂದಳಂತೆ. ಆ ಮಾತನ್ನು ಅವರ ಮನೆಯಲ್ಲಿ ಇಂದಿಗೂ ಹಾಗೆಯೇ ಹೇಳುತ್ತಾರೆ. ಸಂಗನಬಸು ಹೇಳುವಾಗ ಅವನ ನಗು ನಿಂತುಹೋಗಿತ್ತು.

ನಮ್ಮ ಮನೆಯವರಿಗೂ ಆಗ ಗೊತ್ತಿದ್ದಿರಲೇಬೇಕು. ಹೆತ್ತವ್ವನ ಮುಖ ಮರೆಯುತ್ತದೆಯೆ? ಆದರೆ ಅಳುವ ಮನೆಯಲ್ಲಿ ಫ್ಲೆಕ್ಸಿನ ಜಗಳ ಯಾರು ತೆಗೆಯುತ್ತಾರೆ. ಫ್ಲೆಕ್ಸ್ ಬಿಸಿಲಿಗೆ ಮಾಸಿ ಹೋಯಿತು, ಅರ್ಧ ಪಟ ಮಾತ್ರ ಊರೂರು ಸುತ್ತಿತು. ಮಸಾಲೆ ಪೊಟ್ಟಣದ ಮೇಲೆ ಬಂತು, ಮಹಿಳಾ ದಿನದ ಶುಭಾಶಯವಾಯಿತು, ಬೆಳಗಿನ ನುಡಿಮುತ್ತಿನ ಹಿಂದೆ ನಿಂತಿತು. ತಿಳಿದವರು ಒಬ್ಬೊಬ್ಬರಾಗಿ ಹೋದರು. ಮನೆಯ ಫೋನುಗಳಲ್ಲಿದ್ದ ನಿಜವಾದ ಕಾಶವ್ವ, ಹೆಸರು ಬರೆಯದ ಕಾರಣ ಬೀಗಗಾಲದಲ್ಲಿ ಅಳಿಸಿಹೋದಳು. ಕಾಶವ್ವ ಉಳ್ಳಾಗಡ್ಡಿ ಎಂಬ ಹೆಸರಿನ ಮೇಲೆ ಲೋಕದಲ್ಲಿ ಉಳಿದದ್ದು ಫ್ಲೆಕ್ಸಿನ ಆ ಮುಖ ಒಂದೇ. ನಮ್ಮವರು ಅದನ್ನು ಭಕ್ತಿಯಿಂದ ತಂದು ಮೊಳೆ ಹೊಡೆದು ಹಾಕಿಕೊಂಡರು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿಯ ಹೆಸರು ಲಾಸ್ಯವ್ವ, ತೊಂಬತ್ತು ದಾಟಿದೆ, ಇಷ್ಟು ವರ್ಷವೂ ಆ ಪಟದ ಮುಂದೆ ಎಡೆ ಇಟ್ಟವಳು ಆಕೆಯೇ. ಅತ್ತುಬಿಡುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸಿದಳು. ಅಂಗಡಿಯವರು ಪಟ ವಾಪಸು ಕೇಳಲಿಲ್ಲ ಎಂದೂ ಹೇಳಿದೆ. ಇದ್ದರೆ ಇರಲಿ, ನಮ್ಮವ್ವನಿಗೆ ಎರಡು ಮನೆಯ ಊಟ ಎಂದು ಸಂಗನಬಸು ಹೇಳಿ ಕಳಿಸಿದ್ದ. ಅದಕ್ಕೆ ಅಜ್ಜಿ ಅಂದಳು. "ಇಷ್ಟು ವರ್ಷ ಉಂಡಾಕಿನ್ನ ಎಲಿ ಮ್ಯಾಲಿಂದ ಎಬ್ಬಸೂದು ಬ್ಯಾಡ. ಖರೆ, ನಮ್ಮಾಕಿ ಎಲ್ಲಿ ನಿಂತಾಳವಾ? ವರ್ಷಾ ಬರ್ತಾಳ, ಗ್ವಾಡಿ ನೋಡ್ತಾಳ, ತನ್ನ ಮಾರಿ ಇಲ್ಲ, ಹಂಗ ಹಸಗೊಂಡು ಹೊಳ್ಳಿ ಹೊಕ್ಕಾಳ."

ಆ ಮಾತು ನನ್ನನ್ನು ಬಿಡುತ್ತಿಲ್ಲ. ಕಂಬದ ಮೇಲೆ ಹತ್ತಿದರೂ ಅದೇ, ಊಟಕ್ಕೆ ಕೂತರೂ ಅದೇ. ನಾವು ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತಿದ್ದೆವಲ್ಲ, ಆಕೆಯೂ ನಮ್ಮ ಪಕ್ಕದಲ್ಲೇ ಹೊರಗೆ ನಿಂತಿದ್ದಳೇ ಅಷ್ಟು ವರ್ಷ? ಅಜ್ಜಿ ಈ ಅಮಾವಾಸ್ಯೆಗೆ ಎರಡು ಎಲೆ ಹಾಕು ಎಂದಿದ್ದಾಳೆ. ಎರಡನೆಯ ಎಲೆಯನ್ನು ಯಾವುದರ ಮುಂದೆ ಹಾಕಲಿ? ಪಟದ ಅಂಚಿನ ಆ ನಾಲ್ಕು ಬೆರಳುಗಳನ್ನು ಈಗ ದಿನವೂ ನೋಡುತ್ತೇನೆ. ಸುತ್ತಿದ ಬಟ್ಟೆ, ಉಳ್ಳಾಗಡ್ಡಿ ಹೆಚ್ಚುವಾಗ ಕೊಯ್ದುಕೊಂಡದ್ದಿರಬೇಕು. ನಮ್ಮ ಹಿರಿಯಳದು ಎಂದು ನಮ್ಮ ಪಾಲಿಗೆ ಉಳಿದದ್ದು ಅಷ್ಟೇ.

ಸಿಟ್ಟು ಬಂದರೆ ಏನಾಗುತ್ತದೋ ಎಂದಿದ್ದೆ. ಸಿಟ್ಟು ಬಂದದ್ದು ನಿಜ, ಬರೆಯುತ್ತ ಬರೆಯುತ್ತ ಇಳಿದುಹೋಯಿತು, ಈಗ ನಿನ್ನನ್ನು ತಮ್ಮಾ ಎಂದು ಕರೆಯಬೇಕೆನಿಸುತ್ತಿದೆ. ನೀನು ಕೆಟ್ಟವನಲ್ಲ. ದುಡ್ಡಿಗಾಗಿ ಮಾಡುತ್ತಿಲ್ಲ, ಅಳುವ ಮನೆಗೆ ತೊಂದರೆ ಕೊಡಬಾರದು ಎಂದು ಮಾಡುತ್ತಿದ್ದೀಯ. ಆದರೆ ಅಂತರ್ಜಾಲದಲ್ಲಿ ಸಿಕ್ಕದ್ದು ಬೀದಿಯಲ್ಲಿ ಬಿದ್ದದ್ದಲ್ಲ, ತಮ್ಮಾ. ಮೆಹಜಬೀನ ಎಂಬವಳು ಅದನ್ನು ಪುಕ್ಕಟೆಯೇ ಕೊಟ್ಟಿದ್ದಾಳೆ, ಹೆಸರು ಹಾಕಿ, ಕತ್ತರಿಸಬೇಡಿ ಎಂದಷ್ಟೇ ಕೇಳಿದ್ದಾಳೆ. ಅದನ್ನು ಓದಲು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಸಾಕು. ಆಕೆ ಇದೇ ಊರಿನವಳು, ಒಂದು ಮಾತು ಕೇಳಿದರೆ ಇಡೀ ಪಟವನ್ನೇ ಚೆನ್ನಾಗಿ ಕಳಿಸಿಕೊಡುತ್ತಾಳೆ. ಫಕ್ಕೀರವ್ವನಂತೂ ಸರ್ಕಲಿನಲ್ಲೇ ಇರುತ್ತಾಳೆ, ಹೋಗಿ ಕೇಳು. ಗೆಳತಿಯ ಪಕ್ಕ ತಾನೂ ಇರಲು ಒಪ್ಪುತ್ತಾಳೋ ಇಲ್ಲವೋ ಆಕೆಯೇ ಹೇಳಲಿ. ಹಣೆಗೆ ಏನೂ ಬಳಿಯಬೇಡ.

ಹಿಂದೋಲೆಯಿಂದ ಏನಾದರೂ ಬದಲಾಗುತ್ತದೆಯೇ ಎಂದು ಇಲ್ಲಿ ಯಾರೂ ಆಣೆ ಮಾಡಿ ಹೇಳುವುದಿಲ್ಲ. ಬದಲಾದರೆ, ಬದಲಾಯಿತು ಎಂಬುದೇ ನಮಗೆ ತಿಳಿಯುವುದಿಲ್ಲವಂತೆ. ನೀನು ನನ್ನ ಮಾತು ಕೇಳಿದರೆ ನಮ್ಮ ಗೋಡೆಯ ಮೇಲೆ ಮೊದಲಿಂದಲೂ ಬೇರೆ ಮುಖ ಇರುತ್ತದೆ, ಪಟದ ಹಾಗೆ ನಗುತ್ತೀ ಎಂದು ನನಗೆ ಯಾರೂ ಹೇಳಿರುವುದಿಲ್ಲ, ಬಹುಶಃ ಈ ಹೆಸರೂ ನನ್ನದಾಗಿರುವುದಿಲ್ಲ. ಆ ನಗುವನ್ನು ನಾನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದೆ. ಆದರೂ ಅದು ಅಂಗಡಿಯವರದು, ಅವರಿಗೇ ಹೋಗಲಿ.

ನಿನ್ನಲ್ಲಿ ಕೇಳುವುದು ಒಂದೇ. ಕತ್ತರಿಯ ಗುರುತನ್ನು ಇನ್ನೂ ಒತ್ತದಿದ್ದರೆ, ನಗುವವಳನ್ನು ಬಿಟ್ಟು ಆಕೆಯ ಹೆಗಲ ಮೇಲಿನ ಬೆರಳುಗಳನ್ನು ನೋಡು. ಬಟ್ಟೆ ಸುತ್ತಿದ ಬೆರಳಿನಿಂದ ಮಣಿಕಟ್ಟಿಗೆ, ಬಳೆಗಳಿಗೆ, ಮೊಣಕೈಗೆ, ಹಾಗೇ ಬಲಕ್ಕೆ ಬಾ. ಅಲ್ಲಿ ಒಬ್ಬಳು ನಿಂತಿದ್ದಾಳೆ. ಆಕೆ ನಗುತ್ತಿದ್ದಾಳೋ, ಗೆಳತಿಯನ್ನು ನಗಿಸಿ ತಾನು ಸುಮ್ಮನಿದ್ದಾಳೋ ನನಗೆ ಗೊತ್ತಿಲ್ಲ. ಕಪ್ಪೋ ಬಿಳುಪೋ, ಮೂಗುಬಟ್ಟು ಇದೆಯೋ ಇಲ್ಲವೋ, ಅಜ್ಜಿಗೂ ಗೊತ್ತಿಲ್ಲ. ಈಗ ಬದುಕಿರುವ ನಮ್ಮ ಮನೆಯ ಇಷ್ಟು ಮಂದಿಯಲ್ಲಿ ಯಾರೂ ಆಕೆಯ ಮುಖ ಕಂಡವರಿಲ್ಲ. ಈ ಹೊತ್ತಿನಲ್ಲಿ ಆಕೆ ಕಾಣುತ್ತಿರುವುದು ನಿನಗೊಬ್ಬನಿಗೆ, ತಮ್ಮಾ. ಆಕೆಯನ್ನು ಹೊರಗೆ ಹಾಕಬೇಡ. ನಾವು ಎರಡು ಎಲೆ ಹಾಸಿ, ಬಾಗಿಲು ಮುಂದೆ ಮಾಡಿ, ಹೊರಗೆ ಕಾಯುತ್ತಿರುತ್ತೇವೆ.

ಇಂತು,
ಕಾಶವ್ವ ಎಂಬ ಹೆಸರು ಸದ್ಯಕ್ಕೆ ಇರುವವಳು